ಲಿನಕ್ಸ್ ಕಮಾಂಡ್ ಲೈನ್, ಬರಹ ತಿದ್ದುವ ಕೆಲಸ: ಹೊಸಬರು ಯಾವ ಯಂತ್ರದಲ್ಲಿ, ಯಾವ ಎಡಿಟರ್‌ನಲ್ಲಿ ಶುರು ಮಾಡಬೇಕು?

ಕೊಪ್ಪಳದ ಬಿಎಸ್ಸಿ ವಿದ್ಯಾರ್ಥಿನಿಯ ಕೈಯಲ್ಲಿರುವುದು ಫೋನ್ ಒಂದೇ. ಸಿಂಧನೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟವರ ಹತ್ತಿರ ಎರಡು ವಿಂಡೋಸ್ ಡೆಸ್ಕ್‌ಟಾಪ್ ಇವೆ, ಎರಡರ ತುಂಬಾ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲುಗಳು. ತೋರಣಗಲ್ಲಿನ ಕಾರ್ಖಾನೆಯೊಂದಕ್ಕೆ ಡಿಪ್ಲೊಮಾ ಮುಗಿಸಿ ಸೇರಿದ ಹುಡುಗನಿಗೆ ಮೇಲಿನವರು ‘ಲಿನಕ್ಸ್ ಸರ್ವರ್ ನೋಡ್ಕೊಳ್ಳಾಕ ಬರ್ತೈತೇನು?’ ಎಂದು ಕೇಳಿದ್ದಾರೆ. ಮೂವರೂ ನನ್ನನ್ನು ಕೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ‘ಸರ, ಎಲ್ಲಿಂದ ಶುರು ಮಾಡ್ಲಿ? ಫೋನ್‌ನಾಗ ಟರ್ಮಕ್ಸ್ ಹಾಕ್ಲಾ, ಉಬುಂಟು ಹಾಕ್ಲಾ, ಇಲ್ಲಾ ಯಾವ್ದಾದ್ರೂ ಕ್ಲಾಸಿಗೆ ಸೇರ್ಲಾ?’ (ಲಿನಕ್ಸ್ ಎಂದರೆ ವಿಂಡೋಸ್ ಥರ ಯಂತ್ರ ನಡೆಸುವ, ಆದರೆ ಉಚಿತವಾದ ವ್ಯವಸ್ಥೆ. ಉಬುಂಟು ಅದರದೊಂದು ರೂಪ. ಟರ್ಮಕ್ಸ್ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಕಮಾಂಡು ನಡೆಸುವ ಆ್ಯಪ್.)

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅದು ಕೆಲಸಕ್ಕೆ ಬಾರದು. ಇಂಟರ್‌ನೆಟ್ಟಿನಲ್ಲಿ ಸಿಗುವ ಹೋಲಿಕೆಗಳನ್ನು ಬರೆದವರು ಓದುವವರ ಬಳಿ 16 ಜಿಬಿ ರ‍್ಯಾಮ್, ನಿಲ್ಲದ ವೈಫೈ, ಹೋಗದ ಕರೆಂಟು ಇದ್ದೇ ಇದೆ ಎಂದುಕೊಂಡಿರುತ್ತಾರೆ. ಬರೆಯುವುದೆಲ್ಲ ಇಂಗ್ಲಿಷ್ ಎಂದೂ ಅಂದುಕೊಂಡಿರುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ಲೆಕ್ಕ ಹಾಕಿದರೆ ಉತ್ತರ ಬೇರೆಯೇ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್ ಲೈನ್ (ಮೌಸ್ ಬಿಟ್ಟು, ಆಜ್ಞೆ ಟೈಪ್ ಮಾಡಿ ಯಂತ್ರ ನಡೆಸುವುದು) ಬೇರೆ, ದಾಖಲೆ ತಯಾರಿಸುವುದು ಬೇರೆ ಎಂದು ಎರಡು ಕೋರ್ಸು ಮಾಡಿಕೊಂಡವರು ಸಾಮಾನ್ಯವಾಗಿ ಎರಡನ್ನೂ ಅರ್ಧಕ್ಕೇ ಬಿಡುತ್ತಾರೆ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ನ ಹುಟ್ಟಿನಲ್ಲೇ ಇವೆರಡೂ ಕೂಡಿವೆ. 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಜೊತೆಗಾರರು ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಶುರು ಮಾಡಿದಾಗ ಒಳ್ಳೆಯ ಯಂತ್ರಕ್ಕೆ ದುಡ್ಡು ಸಿಕ್ಕಿರಲಿಲ್ಲ. ಬರಹ ತಿದ್ದಿ ಜೋಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದ ಮೇಲೆಯೇ ಪಿಡಿಪಿ-11 ಯಂತ್ರ ಬಂದದ್ದು. 1971ರಲ್ಲಿ ಅದನ್ನು ಮೊದಲು ಬಳಸಿದವರಲ್ಲಿ ಅದೇ ಸಂಸ್ಥೆಯ ಪೇಟೆಂಟ್ ವಿಭಾಗದ ಟೈಪಿಸ್ಟರಿದ್ದರು. ಹಾಗಾಗಿ ನಿಮ್ಮದೇ ಅರ್ಜಿ, ನೋಟ್ಸು, ಹೆಸರಿನ ಪಟ್ಟಿಗಳ ಮೇಲೆ ಕಮಾಂಡು ಕಲಿಯಿರಿ. ನಿಮ್ಮ ಫೈಲುಗಳು ಈಗ ಎಲ್ಲಿವೆಯೋ ಅದಕ್ಕೆ ಹತ್ತಿರದ ಆಯ್ಕೆಗೇ ನನ್ನ ಮೊದಲ ಓಟು.

(ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಹೊಡೆಯಬೇಕು. ಯೂನಿಕ್ಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ.)

ಯಾವುದನ್ನು ನೋಡಿ ಆರಿಸಬೇಕು?

ಮೊದಲನೆಯದು ಕೈಯಲ್ಲಿರುವ ಯಂತ್ರ. ರ‍್ಯಾಮ್ ಎಷ್ಟು, ಒಳಗಿರುವುದು ಹಳೇ ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ, ಆ ಯಂತ್ರ ನಿಮ್ಮೊಬ್ಬರದೋ ಮನೆಮಂದಿಯದೋ. ತಮ್ಮನ ಆನ್‌ಲೈನ್ ಕ್ಲಾಸೂ ಅದರಲ್ಲೇ ನಡೆಯುತ್ತಿದ್ದರೆ ಅದನ್ನು ಅಳಿಸಿ ಲಿನಕ್ಸ್ ಹಾಕುವ ಮಾತೇ ಬೇಡ.

ಎರಡನೆಯದು ನೆಟ್ಟು. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಬದುಕುವವರಿಗೆ 6 ಜಿಬಿ ಡೌನ್‌ಲೋಡ್ ಎಂದರೆ ನಾಲ್ಕು ದಿನದ ಡೇಟಾ. ಇದನ್ನು ಯಾವ ವಿಡಿಯೊದವರೂ ಹೇಳುವುದಿಲ್ಲ.

ಮೂರನೆಯದು ಕರೆಂಟು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕರೆಂಟು ಹೋದಾಗ ನೀವು ಟೈಪ್ ಮಾಡುತ್ತಿದ್ದುದರಲ್ಲಿ ಎಷ್ಟು ಉಳಿಯುತ್ತದೆ ಎನ್ನುವುದು ಎಡಿಟರ್ ಆರಿಸುವಾಗ ನಿಜವಾದ ಪ್ರಶ್ನೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗಿಂತ ಬ್ಯಾಟರಿ ಸ್ವಲ್ಪ ಸತ್ತ ಲ್ಯಾಪ್‌ಟಾಪೂ ಮೇಲು.

ನಾಲ್ಕನೆಯದು ಕನ್ನಡ: ಟೈಪ್ ಮಾಡಲು, ಪರದೆಯಲ್ಲಿ ಓದಲು, ಹುಡುಕಲು ಎಷ್ಟು ಸಲೀಸು. ಐದನೆಯದು ಗುರಿ. ಕೆಲಸಕ್ಕಾಗಿ ಸರ್ವರ್ ಕಲಿಯುವವರಿಗೂ ಪ್ರಬಂಧ ಬರೆಯುವವರಿಗೂ ಬೇಕಾದ್ದು ಬೇರೆ. ಕೊನೆಯದು, ಸಿಕ್ಕಿಹಾಕಿಕೊಂಡಾಗ ಕೇಳಲು ಹತ್ತಿರದಲ್ಲಿ ಯಾರಿದ್ದಾರೆ ಎಂಬುದು. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಿಮ್ಮ ಗೆಳತಿ ಉಬುಂಟು ಬಳಸುತ್ತಿದ್ದರೆ ನೀವೂ ಉಬುಂಟುವನ್ನೇ ಹಾಕಿ. ಅದಕ್ಕಿಂತ ಲಿನಕ್ಸ್‌ನ ಇನ್ನೊಂದು ರೂಪವಾದ ಮಿಂಟ್ ಹೇಗೆ ಮೇಲು ಎಂಬ ಚರ್ಚೆ ಆಮೇಲೆ ಮಾಡಿದರಾಯಿತು.

ಫೋನಿನಲ್ಲಿ ಟರ್ಮಕ್ಸ್

ಖರ್ಚು ಸೊನ್ನೆ. ಆಂಡ್ರಾಯ್ಡ್ 7 ಅಥವಾ ಅದರ ಮೇಲಿನ ಫೋನ್ ಇದ್ದರೆ ಸಾಕು, ರೂಟ್ ಮಾಡಬೇಕಿಲ್ಲ (ಅಂದರೆ ಫೋನಿನ ಬೀಗ ಮುರಿದು ಪೂರ್ಣ ಅಧಿಕಾರ ಪಡೆಯಬೇಕಿಲ್ಲ). ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶದ ಅಂಗಡಿಯಿಂದ ಇಳಿಸಿಕೊಳ್ಳಿ. ಮೊದಲ ಕೆಲಸ ‘ಪಿಕೆಜಿ ಅಪ್‌ಡೇಟ್’, ಎರಡನೆಯದು ‘ಟರ್ಮಕ್ಸ್-ಸೆಟಪ್-ಸ್ಟೋರೇಜ್’. ಎರಡನೆಯದನ್ನು ಹೊಡೆದರೆ ಫೋನಿನ ಡೌನ್‌ಲೋಡ್ ಫೋಲ್ಡರ್ ಟರ್ಮಿನಲ್ (ಕಮಾಂಡು ಹೊಡೆಯುವ ಪರದೆ) ಒಳಗಿಂದಲೇ ಸಿಗುತ್ತದೆ. ಆಮೇಲೆ ಎಲ್‌ಎಸ್ (ಫೈಲುಗಳ ಪಟ್ಟಿ), ಸಿಡಿ (ಫೋಲ್ಡರ್ ಬದಲು), ಸಿಪಿ (ನಕಲು), ಎಂವಿ (ಜಾಗ ಬದಲು), ಗ್ರೆಪ್ (ಹುಡುಕು), ಸಾರ್ಟ್ (ಕ್ರಮವಾಗಿ ಜೋಡಿಸು) ಎಲ್ಲವೂ ದೊಡ್ಡ ಯಂತ್ರದಲ್ಲಿ ನಡೆದಂತೆಯೇ ನಡೆಯುತ್ತವೆ.

ತೊಂದರೆ ಇರುವುದು ಬೆರಳಿಗೆ. ಫೋನ್ ಕೀಬೋರ್ಡಿನಲ್ಲಿ ಕಂಟ್ರೋಲ್ ಕೀ ಇಲ್ಲ. ಟರ್ಮಕ್ಸ್ ಕೆಳಗಡೆ ಎಸ್ಕೇಪ್, ಟ್ಯಾಬ್, ಕಂಟ್ರೋಲ್ ಇರುವ ಒಂದು ಸಾಲು ಕೊಡುತ್ತದೆ. ವಾಲ್ಯೂಮ್ ಕಡಿಮೆ ಮಾಡುವ ಗುಂಡಿಯೂ ಕಂಟ್ರೋಲ್ ಆಗಿ ಕೆಲಸ ಮಾಡುತ್ತದೆ. ಹೀಗಿದ್ದರೂ ಅರ್ಧ ತಾಸಿಗೆ ಹೆಬ್ಬೆರಳು ನೋಯುತ್ತದೆ. ಒಂದು ಒಟಿಜಿ ಕೇಬಲ್ಲು, ಒಂದು ಸಾದಾ ಯುಎಸ್‌ಬಿ ಕೀಬೋರ್ಡು ಜೋಡಿಸಿದರೆ ಇದೇ ಫೋನ್ ಬೇರೆಯೇ ಯಂತ್ರವಾಗುತ್ತದೆ. ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ, ಬಳ್ಳಾರಿಗೂ ಹೋಗಬೇಕಿಲ್ಲ, ಗಂಗಾವತಿಯ ಮೊಬೈಲ್ ಅಂಗಡಿಯಲ್ಲೇ ಸಿಗುತ್ತದೆ.

ಕಮಾಂಡು ಕಲಿಯಲು ಟರ್ಮಕ್ಸ್ ಚೆನ್ನ. ದಾಖಲೆ ತಯಾರಿಸಲು ಸಾಲದು. ಹತ್ತು ಪುಟದ ವರದಿಯನ್ನು ಆರಿಂಚಿನ ಪರದೆಯಲ್ಲಿ ಜೋಡಿಸುತ್ತೇನೆ ಎನ್ನುವವರ ತಾಳ್ಮೆಗೆ ಕೈ ಮುಗಿಯುತ್ತೇನೆ.

ವಿಂಡೋಸ್ ಒಳಗೇ ಲಿನಕ್ಸ್

ಡಬ್ಲ್ಯೂಎಸ್‌ಎಲ್ ಎಂದರೆ ವಿಂಡೋಸ್ ತೆಗೆಯದೆ ಅದರೊಳಗೇ ಲಿನಕ್ಸ್ ನಡೆಸುವ ಮೈಕ್ರೋಸಾಫ್ಟಿನದೇ ವ್ಯವಸ್ಥೆ. ವಿಂಡೋಸ್‌ನದೇ ಕಮಾಂಡ್ ಪರದೆಯಾದ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಬ್ಲ್ಯೂಎಸ್‌ಎಲ್’, ಒಂದು ಸ್ಪೇಸ್, ಎರಡು ಸಣ್ಣ ಗೆರೆ, ‘ಇನ್‌ಸ್ಟಾಲ್’ ಎಂದು ಹೊಡೆದರೆ ಉಬುಂಟು ಬಂದು ಕೂರುತ್ತದೆ. ಡೌನ್‌ಲೋಡ್ ಕೆಲವು ನೂರು ಎಂಬಿ ಮಾತ್ರ, ಒಂದು ದಿನದ ಪ್ಯಾಕಿನಲ್ಲೇ ಆಗಿಹೋಗುತ್ತದೆ. ನಿಮ್ಮ ಸಿ ಡ್ರೈವಿನ ಫೈಲುಗಳು ‘ಎಂಎನ್‌ಟಿ’ ಎಂಬ ಫೋಲ್ಡರಿನೊಳಗೆ ‘ಸಿ’ ಎಂಬ ಹೆಸರಿನಲ್ಲಿ ಕಾಣುತ್ತವೆ. ಅಂಗಡಿಯ ಫೈಲು ಅಲ್ಲೇ ಇರುತ್ತದೆ, ವರ್ಡ್ ಅಲ್ಲೇ ಇರುತ್ತದೆ, ಕಮಾಂಡೂ ಸಿಗುತ್ತದೆ. ಡಿಟಿಪಿಯವರಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಾಣದು.

ಷರತ್ತು ಒಂದಿದೆ: 8 ಜಿಬಿ ರ‍್ಯಾಮ್. ಡಬ್ಲ್ಯೂಎಸ್‌ಎಲ್‌ನ ಎರಡನೇ ಆವೃತ್ತಿ ಒಳಗೊಂದು ವರ್ಚುವಲ್ ಯಂತ್ರವನ್ನೇ (ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರನ್ನೇ) ನಡೆಸುತ್ತದೆ, ಯಂತ್ರದ ಅರ್ಧದಷ್ಟು ರ‍್ಯಾಮ್ ತನಕ ಬಳಸಬಲ್ಲದು. 4 ಜಿಬಿ ಯಂತ್ರದಲ್ಲಿ ಕ್ರೋಮ್ ಒಂದನ್ನು ತೆರೆದರೆ ಮೌಸ್ ನಿಂತಲ್ಲೇ ನಿಲ್ಲುತ್ತದೆ. ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ವರ್ಚುವಲೈಸೇಶನ್ ಆನ್ ಆಗಿರಬೇಕು. ಇಲ್ಲದಿದ್ದರೆ ಬರುವ ಎರರ್ ಸಂದೇಶದಿಂದ ಹೊಸಬರಿಗೆ ಏನೂ ತಿಳಿಯುವುದಿಲ್ಲ.

ಇನ್ನೊಂದು ತಗ್ಗು ಇದೆ, ಹೊಸಬರೆಲ್ಲ ಬೀಳುವಂಥದ್ದು. ನೋಟ್‌ಪ್ಯಾಡಿನಲ್ಲಿ ಬರೆದ ಫೈಲಿನ ಪ್ರತಿ ಸಾಲಿನ ಕೊನೆಯಲ್ಲಿ ವಿಂಡೋಸ್ ಎರಡು ಗುರುತು ಇಡುತ್ತದೆ, ಯೂನಿಕ್ಸ್ ಇಡುವುದು ಒಂದೇ. ಕಣ್ಣಿಗೆ ಕಾಣದ ಆ ಹೆಚ್ಚಿನ ಗುರುತಿನಿಂದ ಸರಿಯಾಗಿಯೇ ಬರೆದ ಸ್ಕ್ರಿಪ್ಟು (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು) ‘ಕಮಾಂಡ್ ನಾಟ್ ಫೌಂಡ್’ ಎನ್ನುತ್ತದೆ. ‘ಡಾಸ್‌ಟುಯೂನಿಕ್ಸ್’ ಎಂಬ ಸಣ್ಣ ಸಾಧನ ಅದನ್ನು ತೆಗೆಯುತ್ತದೆ. ಅದನ್ನು ಮೊದಲೇ ಹಾಕಿಟ್ಟುಕೊಳ್ಳಿ.

ಹಳೇ ಲ್ಯಾಪ್‌ಟಾಪಿಗೆ ಪೂರಾ ಲಿನಕ್ಸ್

ನನ್ನ ಮನಸ್ಸು ಇದರ ಕಡೆಗೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಸದ ಎಷ್ಟೋ ಲ್ಯಾಪ್‌ಟಾಪುಗಳು ಈಗ ಮನೆಯ ಅಟ್ಟದ ಮೇಲಿವೆ. ಒಂದು ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್ ಹಾಕಿದರೆ ಅವು ಮತ್ತೆ ಓಡುತ್ತವೆ. ಮನೆಯಲ್ಲಿ ಇಲ್ಲದಿದ್ದರೆ ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪು ಸಿಗುತ್ತವೆ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಪಿ ರೋಡಿನಲ್ಲಿ ಆರಿಸಿ ತರಲು ಹೇಳಿ. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಲ್ಲೇ ಕೂತು ನೋಡಿಯೇ ತರಬೇಕು. ನಮ್ಮ ಕಡೆ ಅದೇ ಮುಖ್ಯ.

ಮಿಂಟೋ ಉಬುಂಟುವೋ? ಮಿಂಟ್‌ನ ಐಎಸ್‌ಒ ಫೈಲು (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲು) ಸುಮಾರು 3 ಜಿಬಿ, ಉಬುಂಟು 24.04ರದು ಸುಮಾರು 6 ಜಿಬಿ. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು ಎನ್ನುತ್ತಾರೆ, ನೆಮ್ಮದಿಗೆ 4 ಬೇಕು. ಉಬುಂಟುವಿಗೆ 4 ಎಂದರೆ ಬರೀ ಆರಂಭ. ಮಿಂಟ್‌ನಲ್ಲಿ ಲಿಬ್ರೆಆಫೀಸ್ (ವರ್ಡ್, ಎಕ್ಸೆಲ್ ಥರದ ಉಚಿತ ತಂತ್ರಾಂಶ) ಜೊತೆಗೇ ಬರುತ್ತದೆ. ಉಬುಂಟು ಹಾಕುವಾಗ ಡಿಫಾಲ್ಟ್ ಆಯ್ಕೆಯಲ್ಲಿ ಅದು ಇರುವುದಿಲ್ಲ, ‘ಎಕ್ಸ್‌ಟೆಂಡೆಡ್’ ಎಂಬುದನ್ನು ಆರಿಸಬೇಕು. ಹಳೇ ಯಂತ್ರ, ಸಣ್ಣ ಪ್ಯಾಕು, ದಾಖಲೆ ಕೆಲಸ, ಮೂರೂ ಸೇರಿದರೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಪರದೆ ಇರುವ ಮಿಂಟ್ ಸರಿ. ಉಬುಂಟುವಿನ ಗೆಲುವು ಒಂದರಲ್ಲಿ: ಸರ್ವರ್ ಲೋಕದಲ್ಲಿ ಅದೇ ಹೆಚ್ಚು ಕಾಣುತ್ತದೆ, ಸಹಾಯದ ಬರಹಗಳೂ ಅದರವೇ ಹೆಚ್ಚು. ಆದರೆ ಮಿಂಟ್‌ನ ಮುಖ್ಯ ಆವೃತ್ತಿ ಉಬುಂಟುವಿನ ಮೇಲೇ ಕಟ್ಟಿದ್ದು, ಹೀಗಾಗಿ ಅಲ್ಲಿ ಕಲಿತ ಕಮಾಂಡು ಇಲ್ಲಿ ನಡೆಯುತ್ತದೆ.

ತಕ್ಷಣ ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವಿನಿಂದಲೇ ಲೈವ್ ಆಗಿ ನಡೆಸಿ ವೈಫೈ, ಸೌಂಡು, ಪ್ರಿಂಟರ್ ಮೂರೂ ಸರಿಯಿವೆಯೇ ನೋಡಿ. ಲೈವ್‌ನಲ್ಲಿ ಬರೆದದ್ದು ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ, ಅದು ನೆನಪಿರಲಿ. ವಿಂಡೋಸ್ ಜೊತೆಗೆ ಎರಡನ್ನೂ ಇಟ್ಟುಕೊಳ್ಳುವ ಡುಯಲ್ ಬೂಟ್ ಬೇಕೆಂದರೆ ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಡಿ, ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಎರಡೂ ಮಾಡದೆ ಡಿಸ್ಕಿನ ಪಾರ್ಟಿಶನ್ನಿಗೆ (ಭಾಗಗಳಿಗೆ) ಕೈ ಹಾಕುವವರನ್ನು ನಾನು ತಡೆಯುತ್ತೇನೆ.

ಕನ್ನಡದ ವಿಷಯದಲ್ಲಿ ಪೂರಾ ಲಿನಕ್ಸ್ ನಿರಾಸೆ ಮಾಡುವುದಿಲ್ಲ. ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜು ಹಾಕಿದರೆ ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ಗೆ ಎಂ17ಎನ್ ಎಂಬ ಕೀಬೋರ್ಡುಗಳ ಕಟ್ಟು ಜೋಡಿಸಿದರೆ ಕೆಜಿಪಿ (ನುಡಿಯಲ್ಲಿರುವ) ಕೀಬೋರ್ಡು ಸಿಗುತ್ತದೆ. ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಏನೂ ಕಲಿಯಬೇಕಿಲ್ಲ.

ಬ್ರೌಸರಿನಲ್ಲೇ ಕಲಿಯುವುದು

ಬ್ರೌಸರಿನಲ್ಲೇ ಲಿನಕ್ಸ್ ಕಮಾಂಡು ನಡೆಸಲು ಬಿಡುವ ಗೂಗಲ್ ಕ್ಲೌಡ್ ಶೆಲ್‌ನಲ್ಲಿ 5 ಜಿಬಿ ಜಾಗ, ವಾರಕ್ಕೆ 50 ತಾಸು ಉಚಿತ. ಆನ್‌ಲೈನ್ ಸೆಂಟರಿನ ಯಾವ ಯಂತ್ರದಲ್ಲಿ ಕೂತರೂ ನಿಮ್ಮ ಫೈಲು ಸಿಗುತ್ತದೆ, ಏನು ಕೆಡಿಸಿದರೂ ಕೆಡುವುದು ನಿಮ್ಮ ಯಂತ್ರವಲ್ಲ. ನೆಟ್ಟು ಹೋದರೆ ಎಲ್ಲವೂ ಹೋಯಿತು. 120 ದಿನ ಅತ್ತ ಹೋಗದಿದ್ದರೆ ಇಟ್ಟ ಫೈಲನ್ನೂ ಅಳಿಸುತ್ತಾರೆ. ರುಚಿ ನೋಡಲು ಸಾಕು, ಮನೆ ಮಾಡಲು ಅಲ್ಲ.

ಮ್ಯಾಕ್ ಇದ್ದವರಿಗೆ ಟರ್ಮಿನಲ್ ಒಳಗೇ ಇದೆ, ಅವರು ನೇರ ಎಡಿಟರ್ ಭಾಗಕ್ಕೆ ಹೋಗಬಹುದು. ಕೆಲವು ಕಮಾಂಡುಗಳ ನಡವಳಿಕೆ ಲಿನಕ್ಸ್‌ಗಿಂತ ಚೂರು ಬೇರೆ, ಪಠ್ಯ ಬದಲಿಸುವ ಸೆಡ್ ಅದರಲ್ಲಿ ಮೊದಲನೆಯದು. ರಾಸ್‌ಬೆರಿ ಪೈ ಎಂಬ ಅಂಗೈಯಷ್ಟರ ಕಂಪ್ಯೂಟರ್ ಕೊಳ್ಳಲೇ ಎಂದು ಕೇಳುವವರಿದ್ದಾರೆ. ಬೋರ್ಡು, ಅಡಾಪ್ಟರು, ಮೆಮೊರಿ ಕಾರ್ಡು, ಮಾನಿಟರು ಎಲ್ಲ ಕೂಡಿಸಿದರೆ ಹಳೇ ಲ್ಯಾಪ್‌ಟಾಪಿನ ಬೆಲೆಗೇ ಬಂದು ನಿಲ್ಲುತ್ತದೆ, ಬ್ಯಾಟರಿಯೂ ಇಲ್ಲ. ಎಲೆಕ್ಟ್ರಾನಿಕ್ಸ್ ಮೇಲೆ ಆಸೆ ಇದ್ದರಷ್ಟೇ ಅದು.

ನ್ಯಾನೋ, ವಿಮ್, ಇಲ್ಲಾ ಇಮ್ಯಾಕ್ಸ್?

ಈ ಮೂರೂ ಪಠ್ಯ ಬರೆದು ತಿದ್ದುವ ಎಡಿಟರುಗಳು. ನ್ಯಾನೋ ತೆರೆದ ಕೂಡಲೇ ಬರೆಯಬಹುದು. ಉಳಿಸುವುದು ಹೇಗೆ, ಹೊರಬರುವುದು ಹೇಗೆ ಎಂಬುದು ಪರದೆಯ ಬುಡದಲ್ಲೇ ಬರೆದಿರುತ್ತದೆ: ಕಂಟ್ರೋಲ್ ಮತ್ತು ಒ ಒತ್ತಿ ಎಂಟರ್ ಕೊಟ್ಟರೆ ಉಳಿಯುತ್ತದೆ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಹೊರಗೆ. ಕಲಿಯಲು ಹತ್ತು ನಿಮಿಷ ಹೆಚ್ಚಾಯಿತು.

ವಿಮ್ ಹಾಗಲ್ಲ. 1976ರಲ್ಲಿ ಬಿಲ್ ಜಾಯ್ ಬರೆದ ವಿಐ ಎಂಬ ಎಡಿಟರಿನ ಬೆಳೆದ ರೂಪ ಅದು, 1991ರಲ್ಲಿ ಬ್ರಾಮ್ ಮೋಲೆನಾರ್ ಹೊರತಂದದ್ದು. ಅದರಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ತೆರೆದು ಟೈಪ್ ಮಾಡಲು ಹೋದರೆ ಅಕ್ಷರ ಬೀಳುವ ಬದಲು ಸಾಲೇ ಅಳಿಸಿಹೋಗಬಹುದು. ಬರೆದದ್ದನ್ನು ಉಳಿಸದೆ ಹೊರಬರಲು ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ ಹೊಡೆದು ಎಂಟರ್ ಕೊಡಬೇಕು. ಹೀಗಿದ್ದೂ ಜನ ಅದನ್ನು ಬಿಡದಿರುವುದಕ್ಕೆ ಕಾರಣವಿದೆ. ದೂರದ ಯಾವ ಸರ್ವರಿಗೆ ಹೋದರೂ ವಿಐ ಇದ್ದೇ ಇರುತ್ತದೆ, ನ್ಯಾನೋ ಇರುತ್ತದೆಂಬ ಖಾತ್ರಿಯಿಲ್ಲ.

ಕರೆಂಟಿನ ಪರೀಕ್ಷೆಯಲ್ಲಿ ವಿಮ್ ಸಲೀಸಾಗಿ ಗೆಲ್ಲುತ್ತದೆ. ನೀವು ಬರೆಯುತ್ತಿರುವಾಗಲೇ ಅದು ಪಕ್ಕದಲ್ಲಿ ಒಂದು ಸ್ವಾಪ್ ಫೈಲು ಇಟ್ಟುಕೊಂಡು, 200 ಅಕ್ಷರ ಆದಾಗ ಅಥವಾ 4 ಸೆಕೆಂಡು ನೀವು ಕೈ ನಿಲ್ಲಿಸಿದಾಗ ಅದರಲ್ಲಿ ಬರೆದಿಡುತ್ತದೆ. ಡೆಸ್ಕ್‌ಟಾಪ್ ದಪ್ ಎಂದು ಆರಿದರೂ ಮತ್ತೆ ಅದೇ ಫೈಲು ತೆರೆದಾಗ ‘ರಿಕವರ್ ಮಾಡಲೇ?’ ಎಂದು ಕೇಳುತ್ತದೆ. ನ್ಯಾನೋದಲ್ಲಿ ಕಂಟ್ರೋಲ್ ಮತ್ತು ಒ ಒತ್ತದೆ ಇದ್ದದ್ದು ಹೋದಂತೆಯೇ.

ಕನ್ನಡದ ಪರೀಕ್ಷೆಯಲ್ಲಿ ಅದೇ ವಿಮ್ ಸೋಲುತ್ತದೆ. ಕೀಬೋರ್ಡು ಕನ್ನಡದಲ್ಲಿರುವಾಗ ಎಸ್ಕೇಪ್ ಒತ್ತಿ ಆಜ್ಞೆ ಕೊಡಲು ಹೋದರೆ ಅದಕ್ಕೆ ‘ಡಿ’ ಬದಲು ‘ದ’ ಹೋಗುತ್ತದೆ, ಏನೂ ಆಗುವುದಿಲ್ಲ. ಪ್ರತಿ ಸಲ ಇಂಗ್ಲಿಷಿಗೆ ಬದಲಿಸಿ, ಆಜ್ಞೆ ಕೊಟ್ಟು, ಮತ್ತೆ ಕನ್ನಡಕ್ಕೆ ಬರಬೇಕು. ಒಂದು ಪುಟ ಬರೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಜೊತೆಗೆ ಬಹಳಷ್ಟು ಟರ್ಮಿನಲ್ಲುಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಇದು ಯಾವ ಎಡಿಟರಿನ ತಪ್ಪೂ ಅಲ್ಲ. ಪ್ರತಿ ಅಕ್ಷರಕ್ಕೂ ಒಂದು ಚೌಕ ಎಂದು ಲೆಕ್ಕ ಹಾಕಿದ ಪರದೆಯಲ್ಲಿ ‘ಳ್ಳಾ’ ಎಲ್ಲಿ ಕೂರಬೇಕು?

ಇದನ್ನು ಕಣ್ಣಾರೆ ನೋಡಬೇಕೆಂದರೆ ಟರ್ಮಿನಲ್ಲಿನಲ್ಲಿ ‘ಎಕೋ’ಗೆ ‘-ಎನ್’ ಹಚ್ಚಿ ‘ಬಳ್ಳಾರಿ’ ಎಂದು ಕೊಟ್ಟು, ಪೈಪ್ ಗೆರೆ (|, ಒಂದು ಕಮಾಂಡಿನ ಉತ್ತರವನ್ನು ಇನ್ನೊಂದಕ್ಕೆ ಕಳಿಸುವ ಗುರುತು) ಎಳೆದು ಅಕ್ಷರ ಎಣಿಸುವ ‘ಡಬ್ಲ್ಯೂಸಿ -ಎಂ’ಗೆ ಕಳಿಸಿ. ಕಣ್ಣಿಗೆ ಕಾಣುವುದು ಬ, ಳ್ಳಾ, ರಿ ಎಂಬ ಮೂರೇ ಅಕ್ಷರ, ಉತ್ತರ ಬರುವುದು 7. ಬ, ಳ, ಒತ್ತು ಕೊಡಿಸುವ ವಿರಾಮದ ಗುರುತು (್), ಮತ್ತೆ ಳ, ಆ ಕಾರದ ಗುರುತು, ರ, ಇ ಕಾರದ ಗುರುತು ಎಂದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಏಳನ್ನು ಎಣಿಸುತ್ತದೆ. ‘-ಎಂ’ ಬದಲು ‘-ಸಿ’ ಎಂದರೆ 21, ಏಕೆಂದರೆ ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟು. ನನ್ನ ಬಳಿ ಬರುವವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ಪೈಪ್ ಎಂದರೇನು, ಕನ್ನಡ ಯಂತ್ರದೊಳಗೆ ಹೇಗೆ ಕೂತಿದೆ, ಎರಡೂ ಒಂದೇ ಸಾಲಿನಲ್ಲಿ ತಿಳಿಯುತ್ತವೆ.

ಇಷ್ಟರಿಂದ ನನ್ನ ತೀರ್ಮಾನ ಹೀಗೆ: ಕನ್ನಡ ಬರೆಯಲು ಮಿಂಟ್‌ನ ಎಕ್ಸೆಡ್ ಥರದ ಕಿಟಕಿ ಇರುವ ಸಾದಾ ಎಡಿಟರ್, ಸೆಟ್ಟಿಂಗ್ಸ್ ಫೈಲು ತಿದ್ದಲು ನ್ಯಾನೋ. ಸರ್ವರ್ ಕೆಲಸಕ್ಕೆ ಹೋಗುವವರು ಮಾತ್ರ ಮೊದಲ ದಿನದಿಂದಲೇ ವಿಮ್ ಹಿಡಿಯಬೇಕು. ವಿಮ್ ಹಾಕಿದ ಮೇಲೆ ‘ವಿಮ್‌ಟ್ಯೂಟರ್’ ಎಂದು ಹೊಡೆದರೆ ಅರ್ಧ ತಾಸಿನ ಪಾಠ ಒಳಗೇ ಇದೆ, ಇಂಗ್ಲಿಷಿನಲ್ಲಿ. ಇಮ್ಯಾಕ್ಸ್ ಬಲವಾದದ್ದು, ಅದನ್ನು ಪ್ರೀತಿಸುವವರು ಇನ್ನೊಂದನ್ನು ಮುಟ್ಟುವುದಿಲ್ಲ. ಆದರೆ ಕಲಿಸಿಕೊಡುವವರು ಪಕ್ಕದಲ್ಲಿಲ್ಲದೆ ಶುರು ಮಾಡಬೇಡಿ.

ದಾಖಲೆ ಎಂದರೆ ಯಾವ ದಾಖಲೆ?

ಎಡಿಟರ್ ಬರೀ ಪಠ್ಯ ತಿದ್ದುತ್ತದೆ. ತಲೆಬರಹ, ಕೋಷ್ಟಕ, ಪುಟಸಂಖ್ಯೆ ಬೇಕಾದಲ್ಲಿ ಬೇರೆ ಸಾಧನ ಬೇಕು.

ಲಿಬ್ರೆಆಫೀಸ್ ರೈಟರ್ ಉಚಿತ, ನೆಟ್ಟು ಬೇಡ, ಕನ್ನಡ ಯೂನಿಕೋಡ್ ಸರಿಯಾಗಿ ಜೋಡಿಸುತ್ತದೆ, ಪಿಡಿಎಫ್ ಒಂದೇ ಗುಂಡಿಯಲ್ಲಿ. ಸರ್ಕಾರಿ ಕಚೇರಿಗೋ ಕಾಲೇಜಿಗೋ ವರ್ಡ್ ಫೈಲೇ ಕೊಡಬೇಕಾದಾಗ ಕೋಷ್ಟಕಗಳು ಕೆಲವೊಮ್ಮೆ ಜಾರುತ್ತವೆ, ಕಳಿಸುವ ಮುನ್ನ ಒಮ್ಮೆ ವರ್ಡಿನಲ್ಲಿ ತೆರೆದು ನೋಡುವುದು ಒಳ್ಳೆಯದು. ರೈಟರಿನ ಆಟೊರಿಕವರಿ (ತಾನೇ ಉಳಿಸಿಟ್ಟುಕೊಳ್ಳುವ ವ್ಯವಸ್ಥೆ) ಹಾಕಿದಾಗಿನಿಂದಲೇ 10 ನಿಮಿಷಕ್ಕೊಮ್ಮೆ ಇರುತ್ತದೆ, ನಮ್ಮ ಕರೆಂಟಿಗೆ ಅದು ದೂರ. ಆಪ್ಶನ್ಸ್‌ಗೆ ಹೋಗಿ 2 ನಿಮಿಷ ಮಾಡಿ. ಗೂಗಲ್ ಡಾಕ್ಸ್ ಅಕ್ಷರ ಬಿದ್ದಂತೆ ಉಳಿಸುತ್ತದೆ, ನಾಲ್ಕು ಜನ ಕೂಡಿ ತಿದ್ದಲು ಅದಕ್ಕೆ ಸಾಟಿಯಿಲ್ಲ. ನೆಟ್ಟು ಮಾತ್ರ ಬೇಕೇ ಬೇಕು, ಮೊದಲೇ ಆಫ್‌ಲೈನ್ ಆನ್ ಮಾಡಿಟ್ಟುಕೊಂಡಿದ್ದರೆ ಬೇರೆ ಮಾತು. ವರ್ಡ್ ನಿಮ್ಮ ಕಚೇರಿಯಲ್ಲಿದ್ದರೆ ಬಳಸಿ, ಅದಕ್ಕಾಗಿಯೇ ದುಡ್ಡು ಕೊಡುವ ಅಗತ್ಯ ಹೊಸಬರಿಗಿಲ್ಲ.

ಕಮಾಂಡ್ ಲೈನ್ ಕಲಿತವರಿಗೆ ರೈಟರ್ ಇನ್ನೊಂದು ಲಾಭ ಕೊಡುತ್ತದೆ. ಪಂಚಾಯಿತಿಗೆ ಕೊಡಬೇಕಾದ ಅರವತ್ತು ನೋಟಿಸು ಒಂದೇ ಫೋಲ್ಡರಿನಲ್ಲಿವೆ ಎನ್ನಿ. ಒಂದೊಂದನ್ನೂ ತೆರೆದು ಪಿಡಿಎಫ್ ಮಾಡುತ್ತ ಕೂತರೆ ಮಧ್ಯಾಹ್ನವೇ ಹೋಗುತ್ತದೆ. ಟರ್ಮಿನಲ್ಲಿನಲ್ಲಿ ಲಿಬ್ರೆಆಫೀಸ್ ಎಂದು ಹೊಡೆದು, ‘ಹೆಡ್‌ಲೆಸ್’ ಮತ್ತು ‘ಕನ್ವರ್ಟ್-ಟು ಪಿಡಿಎಫ್’ ಎಂಬ ಎರಡು ಆಯ್ಕೆ ಕೊಟ್ಟು, ಕೊನೆಗೆ ನಕ್ಷತ್ರ, ಚುಕ್ಕೆ, ‘ಒಡಿಟಿ’ (ರೈಟರ್ ಫೈಲಿನ ಹೆಸರಿನ ಬಾಲ) ಎಂದರೆ ಅರವತ್ತೂ ತಯಾರಾಗುತ್ತವೆ. ಲಿಬ್ರೆಆಫೀಸಿನ ಕಿಟಕಿ ಯಾವುದಾದರೂ ತೆರೆದಿದ್ದರೆ ಮೊದಲು ಮುಚ್ಚಿ. ಇಲ್ಲದಿದ್ದರೆ ಕೆಲವು ಆವೃತ್ತಿಗಳಲ್ಲಿ ಏನೂ ಹೇಳದೆ ಸುಮ್ಮನೆ ಮುಗಿದುಬಿಡುತ್ತದೆ.

ಮಾರ್ಕ್‌ಡೌನ್ ಮತ್ತು ಪ್ಯಾನ್‌ಡಾಕ್ ಜೋಡಿ ನೋಟ್ಸು ಬರೆಯುವ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ್ದು. ಸಾದಾ ಪಠ್ಯದಲ್ಲಿ ಹ್ಯಾಶ್ ಹಾಕಿದರೆ ತಲೆಬರಹ, ಗೆರೆ ಹಾಕಿದರೆ ಪಟ್ಟಿ. ಫೋನಿನಲ್ಲೂ ಬರೆಯಬಹುದು, ಗ್ರೆಪ್‌ನಲ್ಲಿ ಹುಡುಕಬಹುದು, ಬೇಕೆಂದಾಗ ಪ್ಯಾನ್‌ಡಾಕ್ ಅದನ್ನು ವರ್ಡ್ ಫೈಲು ಮಾಡಿಕೊಡುತ್ತದೆ. ನೇರವಾಗಿ ಕನ್ನಡ ಪಿಡಿಎಫ್ ಬೇಕೆಂದರೆ ಝೀಲೇಟೆಕ್ಸ್ ಎಂಬ ಪುಟ ಜೋಡಿಸುವ ತಂತ್ರಾಂಶ ಹಾಕಿ ಫಾಂಟಿನ ಹೆಸರು ಹೇಳಬೇಕಾಗುತ್ತದೆ. ಹೊಸಬರು ಒಡಿಟಿ ಮಾಡಿ ರೈಟರಿನಿಂದ ಪಿಡಿಎಫ್ ತೆಗೆಯುವುದೇ ಸುಲಭ.

ಗುರುತು ಹಾಕಿದ ಪಠ್ಯದಿಂದ ಪುಟ ಜೋಡಿಸುವ ಲೇಟೆಕ್ಸ್ ಗಣಿತ, ಭೌತಶಾಸ್ತ್ರದ ಎಂಎಸ್ಸಿಯವರಿಗೆ, ಪಿಎಚ್‌ಡಿಯವರಿಗೆ. ಸಮೀಕರಣ ಅದರಷ್ಟು ಚಂದ ಬೇರೆಲ್ಲೂ ಬಾರದು. ಪೂರಾ ಹಾಕಿದರೆ ಹಲವು ಜಿಬಿ. ಉಳಿದವರು ಅದರ ಗೊಡವೆಗೆ ಹೋಗಬೇಕಿಲ್ಲ.

ಹಳೇ ನುಡಿ ಫೈಲು ಇದ್ದವರಿಗೆ ಒಂದು ಎಚ್ಚರಿಕೆ. ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ, ಲ್ಯಾಟಿನ್ ಗುರುತುಗಳಿಗೆ ಕನ್ನಡದ ಅಂಗಿ ತೊಡಿಸಿದ್ದು. ಅದರಲ್ಲಿ ಗ್ರೆಪ್‌ನಿಂದ ‘ರಾಯಚೂರು’ ಹುಡುಕಿದರೆ ಒಂದೂ ಸಿಗುವುದಿಲ್ಲ. ನುಡಿಯ ಜೊತೆಗೇ ಬರುವ ಪರಿವರ್ತಕದಿಂದ ಮೊದಲು ಯೂನಿಕೋಡಿಗೆ ತನ್ನಿ. ಅರ್ಕಾವತ್ತು, ಅಂಕಿಗಳನ್ನು ಕಣ್ಣಿನಿಂದ ನೋಡಿ ಸರಿಪಡಿಸಿ. ಆಮೇಲೆ ಫಲಾನುಭವಿಗಳ ಪಟ್ಟಿಯಂಥದ್ದನ್ನು ‘ಸಾರ್ಟ್’ಗೆ ಕೊಟ್ಟು, ಅಲ್ಲಿಂದ ‘ಯೂನಿಕ್ -ಡಿ’ಗೆ ಪೈಪ್ ಮಾಡಿದರೆ ಎರಡು ಸಲ ಬಂದ ಹೆಸರುಗಳು ಹೊರಬೀಳುತ್ತವೆ. ಯೂನಿಕ್ ಪಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ, ಅದಕ್ಕೇ ಮೊದಲು ಸಾರ್ಟ್.

ಕಲಿಸುವವರು ಯಾರು?

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್, ಲಿಬ್ರೆಆಫೀಸ್ ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ, ಉಚಿತ. ಒಂದೊಂದೂ ಚಿಕ್ಕ ವಿಡಿಯೊ. ಅದನ್ನು ಸ್ವಲ್ಪ ನಡೆಸಿ, ನಿಲ್ಲಿಸಿ, ಪಕ್ಕದ ಕಿಟಕಿಯಲ್ಲಿ ನೀವೂ ಹೊಡೆಯುತ್ತ ಹೋಗುವ ಪದ್ಧತಿ. ಕೆಲವು ಹಳೇ ಆವೃತ್ತಿಯ ಪರದೆಗಳು, ಮೆನು ಬೇರೆ ಕಡೆ ಕಾಣಬಹುದು. ಕಮಾಂಡು ಹಳತಾಗುವುದಿಲ್ಲ.

ಐಟಿಐಗಳ ಕೋಪಾ (ಕಂಪ್ಯೂಟರ್ ಆಪರೇಟರ್) ಟ್ರೇಡಿನಲ್ಲಿ ಲಿನಕ್ಸ್ ಪರಿಚಯ ಪಠ್ಯದಲ್ಲೇ ಇದೆ, ಎಸ್‌ಎಸ್‌ಎಲ್‌ಸಿ ಆದವರಿಗೆ ಒಂದು ವರ್ಷ ಕೊಡಲು ಸಾಧ್ಯವಿದ್ದರೆ ಒಳ್ಳೆಯ ದಾರಿ. ಖಾಸಗಿ ಕಂಪ್ಯೂಟರ್ ಕ್ಲಾಸುಗಳಲ್ಲಿ ಹೆಚ್ಚಾಗಿ ಇರುವುದು ವರ್ಡ್, ಎಕ್ಸೆಲ್, ಟ್ಯಾಲಿ, ನುಡಿ. ‘ಲಿನಕ್ಸೂ ಕಲಿಸ್ತೀವಿ’ ಎಂದರೆ ಫೀ ಕಟ್ಟುವ ಮೊದಲು ಲ್ಯಾಬಿಗೆ ಹೋಗಿ ಒಂದು ಯಂತ್ರ ಆನ್ ಮಾಡಿಸಿ ನೋಡಿ. ಲಿನಕ್ಸ್ ಹಾಕಿದ ಯಂತ್ರವೇ ಇಲ್ಲದಿದ್ದರೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಾರೆ ಎಂದರ್ಥ. ಒಂದು ಯಂತ್ರಕ್ಕೆ ಎಷ್ಟು ಜನ ಎಂದೂ ಕೇಳಿ. ಕಿಯೋನಿಕ್ಸ್ ನಡೆಸುವ ನೌಕರರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಷ್ಟೇ ನಿಮ್ಮ ಗುರಿಯಾದರೆ ಕಮಾಂಡ್ ಲೈನ್ ಬಿಟ್ಟು, ಆ ಪಠ್ಯಕ್ರಮಕ್ಕೇ ಹೊಂದುವ ಕ್ಲಾಸು ಸಾಕು.

ಕೇಳಿದ ಮೂವರಿಗೆ

ಕೊಪ್ಪಳದ ತಂಗಿಗೆ: ಟರ್ಮಕ್ಸ್, ಕೀಬೋರ್ಡು, ಒಟಿಜಿ ಕೇಬಲ್ಲು. ನೋಟ್ಸೆಲ್ಲ ಮಾರ್ಕ್‌ಡೌನಿನಲ್ಲಿ. ಕಾಲೇಜಿನ ಲ್ಯಾಬಿನಲ್ಲಿ ಕೂತಾಗ ರೈಟರ್ ಅಭ್ಯಾಸ ಮಾಡಿಕೊಳ್ಳಮ್ಮ. ದುಡ್ಡು ಕೂಡಿದಾಗ ಹಳೇ ಲ್ಯಾಪ್‌ಟಾಪು.

ಸಿಂಧನೂರಿನ ಅಣ್ಣನವರಿಗೆ: 8 ಜಿಬಿ ಇರುವ ಯಂತ್ರದಲ್ಲಿ ಡಬ್ಲ್ಯೂಎಸ್‌ಎಲ್, ನ್ಯಾನೋ, ಹಳೇ ಫೈಲುಗಳ ಯೂನಿಕೋಡ್ ಪರಿವರ್ತನೆ. ಆದರೆ ಅಂಗಡಿಯ ಮೂಲ ಫೈಲುಗಳ ಮೇಲೆ ಅಭ್ಯಾಸ ಬೇಡ್ರಿ, ನಕಲು ಮಾಡಿದ ಫೋಲ್ಡರಿನಲ್ಲಿ ಮಾಡ್ರಿ. ಫೈಲು ಅಳಿಸುವ ಆರ್‌ಎಂ ಕಮಾಂಡು ಅಳಿಸಿದ್ದಕ್ಕೆ ರೀಸೈಕಲ್ ಬಿನ್ ಇಲ್ಲ. ‘ಆರ್‌ಎಂ -ಐ’ ಎಂದು ಹೊಡೆಯುವ ರೂಢಿ ಮಾಡಿಕೊಂಡರೆ ಪ್ರತಿ ಫೈಲಿಗೂ ಒಂದು ಸಲ ಕೇಳುತ್ತದೆ.

ತೋರಣಗಲ್ಲಿನ ತಮ್ಮನಿಗೆ: ಪೂರಾ ಉಬುಂಟು, ಮೊದಲ ದಿನದಿಂದ ವಿಮ್, ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್. ಪೂರ್ಣ ಅಧಿಕಾರದಲ್ಲಿ ಕಮಾಂಡು ನಡೆಸುವ ಸುಡೋ ಹೊಡೆದಾಗ ಪಾಸ್‌ವರ್ಡು ಟೈಪ್ ಮಾಡಿದರೂ ಪರದೆಯಲ್ಲಿ ಏನೂ ಕಾಣದೇ ಹೋದರೆ ಕೀಬೋರ್ಡು ಕೆಟ್ಟಿಲ್ಲ, ಅದಿರುವುದೇ ಹಾಗೆ, ಹೊಡೆದು ಎಂಟರ್ ಕೊಡು. ಕಾರ್ಖಾನೆಯ ಸರ್ವರಿನ ಮೇಲೆ ಕಲಿಯಲು ಹೋಗಬೇಡ, ಮನೆಯ ಯಂತ್ರ ಕೆಡಿಸಿ ಕಲಿ.

6 ಜಿಬಿಯ ಐಎಸ್‌ಒ ಇಳಿಸಲು ಪ್ಯಾಕು ಸಾಲದಿದ್ದರೆ ಗೆಳೆಯರಿಂದ ಪೆನ್‌ಡ್ರೈವಿನಲ್ಲಿ ತರಬಹುದು, ತಪ್ಪೇನಿಲ್ಲ. ತಂದ ಮೇಲೆ ‘ಎಸ್‌ಎಚ್‌ಎ256ಸಮ್’ ಎಂಬ ಕಮಾಂಡಿಗೆ ಆ ಫೈಲಿನ ಹೆಸರು ಕೊಟ್ಟು, ಬರುವ ಉದ್ದನೆಯ ಸಾಲನ್ನು ಉಬುಂಟುವಿನ ಅಧಿಕೃತ ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ ನೋಡಿ. ಒಂದಕ್ಷರ ಬೇರೆಯಾದರೂ ಆ ಫೈಲಿನಿಂದ ಇನ್‌ಸ್ಟಾಲ್ ಮಾಡಬೇಡಿ, ಮತ್ತೆ ಇಳಿಸಿಕೊಳ್ಳಿ.